ಒಂಬತ್ತೂವರೆ ಸೆಕೆಂಡಿನ ಅರ್ಧ ಲೆಕ್ಕ

ನಮ್ಮ ದ್ವಿತೀಯ ಪಿಯು ಕಾಮರ್ಸ್ ತರಗತಿಯಲ್ಲಿ ಊಟದ ಬಿಡುವು ಎಂದರೆ ಕಾರಿನ ಬಿಡುವು. ಹಿಂದಿನ ಬೆಂಚಿನವರು ಒಂದು ಕಾರಿನ ಹೆಸರು ಹೇಳುತ್ತಾರೆ, ಕಿಟಕಿ ಪಕ್ಕದವರು ಇನ್ನೊಂದು ಹೇಳುತ್ತಾರೆ, ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ಈ ವರ್ಷ ಅತಿ ಹೆಚ್ಚು ದಿನ ನಡೆದ ಜಗಳ ಇನೋವಾ ಕ್ರಿಸ್ಟಾ ಮತ್ತು ಇನೋವಾ ಹೈಕ್ರಾಸ್ ನಡುವಿನದು. ಇದು ನನಗೆ ಇಷ್ಟವಾದ ಜಗಳ. ಲಂಬೋರ್ಗಿನಿ ಬಗ್ಗೆ ಮಾತಾಡುವವರಲ್ಲಿ ಯಾರೂ ಅದನ್ನು ಮುಟ್ಟಿಲ್ಲ. ಇನೋವಾ ಹಾಗಲ್ಲ. ಟಿ. ದಾಸರಹಳ್ಳಿಯಲ್ಲಿ ಅದು ಬೀದಿಗೊಂದು ನಿಂತಿರುತ್ತದೆ, ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ನಮ್ಮ ಮನೆಯದೂ ಅವುಗಳಲ್ಲೊಂದು. ಅಬ್ಬಾ ಹಳದಿ ಬೋರ್ಡಿನ ಕ್ರಿಸ್ಟಾ ಓಡಿಸುತ್ತಾರೆ.

ನಾನು ಹುಡುಗಿ ಎಂದು ಈ ಜಗಳಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಆದರೆ ಕ್ರಿಸ್ಟಾ ಒಳಗೆ ಕೂತ ಗಂಟೆಗಳನ್ನು ಲೆಕ್ಕ ಹಾಕಿದರೆ ತರಗತಿಯಲ್ಲಿ ನನಗೇ ಮೊದಲ ಸ್ಥಾನ. ಆದ್ದರಿಂದ ಕರೆಯದಿದ್ದರೂ ಬರುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಜಗಳದಲ್ಲಿ ಗೆಲ್ಲುವುದು ಹೈಕ್ರಾಸ್, ಅದರಲ್ಲಿ ಅನುಮಾನವಿಲ್ಲ. ಆದರೆ ಗೆಲ್ಲಿಸುವ ಅಂಕಿ ಅರ್ಧ ಲೆಕ್ಕ. ಡೆಬಿಟ್ ಬರೆದು ಕ್ರೆಡಿಟ್ ಬಿಟ್ಟರೆ ನಮ್ಮ ಅಕೌಂಟೆನ್ಸಿ ಮೇಡಂ ಪುಸ್ತಕ ವಾಪಸ್ ಕೊಡುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ನಾವೆಲ್ಲ ಒಂದೇ ಕಡೆ ಬರೆದ ಪುಸ್ತಕಕ್ಕೆ ಚಪ್ಪಾಳೆ ತಟ್ಟುತ್ತೇವೆ.

ಎರಡೂ ನಮ್ಮ ರಾಜ್ಯದ ಕಾರುಗಳು, ಇದನ್ನು ಬಹಳ ಜನ ಮರೆಯುತ್ತಾರೆ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ 1997ರಲ್ಲಿ ಶುರುವಾಯಿತು, ಕಾರ್ಖಾನೆ ಮೈಸೂರು ರಸ್ತೆಯ ಬಿಡದಿಯಲ್ಲಿ. ಮೊದಲು ಬಂದದ್ದು ಕ್ವಾಲಿಸ್, 2000ದಲ್ಲಿ. 2005ರಲ್ಲಿ ಇನೋವಾ ಬಂತು, 2016ರಲ್ಲಿ ಕ್ರಿಸ್ಟಾ, 2022ರ ನವೆಂಬರ್‌ನಲ್ಲಿ ಹೈಕ್ರಾಸ್ ಪರದೆ ಸರಿಸಿತು. ಒಂದೇ ಊರಿನಲ್ಲಿ ಹುಟ್ಟಿದ ಅಣ್ಣ ತಮ್ಮ, ಹೆಸರೂ ಒಂದೇ. ಒಳಗೆ ಮಾತ್ರ ಬೇರೆ ಬೇರೆ ಜಾತಿಯ ಯಂತ್ರಗಳು.

ಕ್ರಿಸ್ಟಾದ್ದು 2.4 ಲೀಟರ್ ಡೀಸೆಲ್ ಎಂಜಿನ್, 150 ಪಿಎಸ್ ಶಕ್ತಿ, 343 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು. ಲಾರಿಗೆ ಇರುವ ಹಾಗೆ ಕೆಳಗೆ ಪ್ರತ್ಯೇಕ ಚಾಸಿಸ್, ಅದರ ಮೇಲೆ ಬಾಡಿ. ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಹೈಕ್ರಾಸ್ ಹೈಬ್ರಿಡ್‌ನದು 2 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಒಂದು ಎಲೆಕ್ಟ್ರಿಕ್ ಮೋಟಾರು, ಎರಡೂ ಸೇರಿ 186 ಪಿಎಸ್. ಚಾಸಿಸ್ ಬೇರೆ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತದೆ, ಆದ್ದರಿಂದ ಹಗುರ. ಮುಂದಿನ ಚಕ್ರ ಎಳೆಯುತ್ತದೆ. ಕ್ಲಚ್ಚೂ ಇಲ್ಲ, ಗೇರು ಬದಲಿಸುವ ಕೆಲಸವೂ ಇಲ್ಲ. ಸೊನ್ನೆಯಿಂದ 100ಕ್ಕೆ 9.5 ಸೆಕೆಂಡು ಎಂದು ಕಂಪನಿಯೇ ಹೇಳಿಕೊಂಡಿದೆ. ಕ್ರಿಸ್ಟಾ ಈ ಓಟದಲ್ಲಿ ಕೆಲವು ಸೆಕೆಂಡು ಹಿಂದೆ ಉಳಿಯುತ್ತದೆ.

ಇಲ್ಲೇ ನಮ್ಮವರು ತಲೆ ಕೆರೆದುಕೊಳ್ಳುತ್ತಾರೆ. 343 ಟಾರ್ಕ್ ಇರುವ ಗಾಡಿ ಸೋಲುವುದು ಹೇಗೆ? ಟಾರ್ಕ್ ಎಂದರೆ ಎಂಜಿನ್ ತಿರುಚುವ ಬಲ ಅಷ್ಟೇ. ಚಕ್ರಕ್ಕೆ ತಲುಪುವ ಮೊದಲು ಆ ಬಲವನ್ನು ಗೇರು ಗುಣಿಸುತ್ತದೆ. ಗುಣಿಸುವ ಸಂಖ್ಯೆ ಗೊತ್ತಿಲ್ಲದೆ ಎರಡು ಕಾರಿನ ಟಾರ್ಕ್ ಹೋಲಿಸುವುದು, ಎಷ್ಟು ಕಿಲೋ ಎಂದು ಕೇಳದೆ ಎರಡು ಅಂಗಡಿಯ ಈರುಳ್ಳಿ ಬಿಲ್ಲು ಹೋಲಿಸಿದ ಹಾಗೆ. ನೇರ ರಸ್ತೆಯಲ್ಲಿ ನೂರು ಮುಟ್ಟಲು ಮುಖ್ಯವಾದದ್ದು ಒಟ್ಟು ಶಕ್ತಿ ಎಷ್ಟು, ಹೊರಬೇಕಾದ ತೂಕ ಎಷ್ಟು ಎಂಬುದು. ಎರಡರಲ್ಲೂ ಹೈಕ್ರಾಸ್ ಮುಂದೆ. ಮೇಲಾಗಿ ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆಯುತ್ತದೆ. ಡೀಸೆಲ್ ಟರ್ಬೊ ಎಂಜಿನ್ ಸುಮಾರು 1,400 ಸುತ್ತಿಗೆ ಬರುವವರೆಗೆ ಎದ್ದು ಕೂರುವುದಿಲ್ಲ. ಆಮೇಲೆ ಒಂದರಿಂದ ಎರಡು, ಎರಡರಿಂದ ಮೂರು ಎಂದು ಗೇರು ಬದಲಿಸುವಾಗಲೆಲ್ಲ ಒಂದು ಕ್ಷಣ ಚಕ್ರಕ್ಕೆ ಏನೂ ಸಿಗುವುದಿಲ್ಲ.

ಪಠ್ಯಪುಸ್ತಕದಲ್ಲಿ ಇದಕ್ಕೆ ‘ವೇಗೋತ್ಕರ್ಷ’ ಎನ್ನುತ್ತಾರೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಗೆಳತಿ ಆ ಪದ ಹೇಳಿದಾಗ ಅದು ಯಾವುದೋ ರಾಗದ ಹೆಸರು ಎಂದುಕೊಂಡೆ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಅದು ‘ಪಿಕಪ್’. ಪಕ್ಕದ ಮನೆಯ ಕನ್ನಡದಲ್ಲೂ, ಎದುರು ಗ್ಯಾರೇಜಿನ ತಮಿಳಿನಲ್ಲೂ ಪಿಕಪ್ಪೇ. ದಾಸರಹಳ್ಳಿಯ ಎಲ್ಲ ಭಾಷೆಗಳೂ ಒಪ್ಪಿಕೊಂಡ ಕೆಲವೇ ಪದಗಳಲ್ಲಿ ಅದೊಂದು.

ಪಿಕಪ್ ಸುಮ್ಮನೆ ಶೋಕಿ ಎಂದು ನಾನು ಹೇಳುತ್ತಿಲ್ಲ. ಮಧುಗಿರಿ ಕಡೆಯ ರಸ್ತೆಯಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಿಂದಿಕ್ಕಬೇಕಾದಾಗ ಎದುರು ಬದಿಯಲ್ಲಿ ಕಳೆಯುವ ಸಮಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಲ್ಲಿ ಪಿಕಪ್ ಜೀವ ಉಳಿಸುತ್ತದೆ. ಆದರೆ ಆ ಕೆಲಸಕ್ಕೆ ಬೇಕಾದ ಅಂಕಿ 40ರಿಂದ 80ಕ್ಕೆ ಎಷ್ಟು ಸೆಕೆಂಡು ಎಂಬುದು. ಆ ಅಂಕಿಯನ್ನು ನಮ್ಮ ತರಗತಿಯಲ್ಲಿ ಒಬ್ಬರಾದರೂ ಕೇಳಿದ್ದನ್ನು ನಾನು ನೋಡಿಲ್ಲ. ನಿಂತಲ್ಲಿಂದ ಪೂರ್ತಿ ಒತ್ತಿ 100 ಮುಟ್ಟುವ ಸಂದರ್ಭ ಒಬ್ಬ ಡ್ರೈವರ್‌ಗೆ ದಿನದಲ್ಲಿ ಎಷ್ಟು ಸಲ ಬರುತ್ತದೆ? ಅಬ್ಬಾಗೆ ವರ್ಷದಲ್ಲಿ ಒಂದು ಸಲವೂ ಬರುವುದಿಲ್ಲ, ಬರುವ ಹಾಗೂ ಇಲ್ಲ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಸ್ಪೀಡ್ ಗವರ್ನರ್ ಕಡ್ಡಾಯ. ಗಂಟೆಗೆ 80 ಕಿ.ಮೀ. ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ಮುಳ್ಳು ಅಲ್ಲಿಂದ ಕದಲುವುದಿಲ್ಲ. ನಮ್ಮ ಕಾರಿನ ಮಟ್ಟಿಗೆ ಸೊನ್ನೆಯಿಂದ ನೂರು ಎಂಬ ಅಂಕಿಯೇ ಇಲ್ಲ. ಹಾಗಂತ ಹಿಂದೆ ಕೂತವರಿಗೆ ಅದು ಗೊತ್ತಿರುವುದಿಲ್ಲ. “ಏನ್ ಸಾರ್, ಗಾಡಿಲಿ ಪಿಕಪ್ಪೇ ಇಲ್ವಾ?” ಎಂದು ಕೇಳಿ, ಇಳಿಯುವಾಗ ಎರಡು ಸ್ಟಾರ್ ಒತ್ತಿ ಹೋಗುತ್ತಾರೆ.

ಜನವರಿಯಲ್ಲಿ ತುಮಕೂರಿನ ಮದುವೆಗೆ ಹೋಗುವಾಗ ನಾನೇ ಅಳೆದೆ. ನೆಲಮಂಗಲದಾಚೆ ಟೋಲ್ ಗೇಟಿನ ಕಂಬ ಎದ್ದ ಕ್ಷಣಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿದೆ. ಕಾರಿನಲ್ಲಿ ಏಳು ಜನ, ಹಿಂದೆ ಬಿರಿಯಾನಿಯ ಒಂದು ಹಂಡೆ. ಅಬ್ಬಾ ಅವಸರ ಮಾಡಲಿಲ್ಲ. ಜಿಪಿಎಸ್‌ನಲ್ಲಿ 80 ಬಂದಾಗ 14 ಸೆಕೆಂಡಾಗಿತ್ತು. ಜಿಪಿಎಸ್ ಎಂದು ಯಾಕೆ ಹೇಳಿದೆನೆಂದರೆ, ಕಾರಿನ ಮೀಟರು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಸ್ಪೀಡೋಮೀಟರಿಗೆ ಕ್ಯಾಮೆರಾ ಹಿಡಿದು ತೆಗೆದ ವಿಡಿಯೊಗಳನ್ನು ಸಾಕ್ಷಿಯಾಗಿ ತರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾರಿನ ತೂಕ 1,700 ಕಿಲೋ ಆಸುಪಾಸು ಎಂದಿಟ್ಟುಕೊಳ್ಳಿ. ಡ್ರೈವರ್ ಜೊತೆಗೆ ಇನ್ನೂ ಏಳು ಜನ ಹತ್ತಿದರೆ, ತಲೆಗೆ 60 ಕಿಲೋದಂತೆ 420 ಕಿಲೋ ಸೇರಿತು, ಅಂದರೆ ಕಾಲುಭಾಗ. ಶಕ್ತಿ ಮೊದಲಿನಷ್ಟೇ. ಒಬ್ಬರೇ ಕೂತಾಗ 9.5 ಸೆಕೆಂಡು ತೆಗೆದುಕೊಳ್ಳುವ ಕಾರು ತುಂಬಿದಾಗ ಸುಮಾರು 12 ತೆಗೆದುಕೊಳ್ಳುತ್ತದೆ. ಇನೋವಾವನ್ನು ಖಾಲಿ ಓಡಿಸಲು ಕೊಳ್ಳುವವರು ಯಾರಾದರೂ ಇದ್ದಾರೆಯೇ?

ಉಳಿಯುವ ಸಮಯದ ಲೆಕ್ಕವನ್ನೂ ಹಾಕೋಣ. ದಾಸರಹಳ್ಳಿಯಿಂದ ವೈಟ್‌ಫೀಲ್ಡ್‌ಗೆ ಹೋಗುವಾಗ 30 ಕಡೆ ನಿಂತು ಹೊರಡಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿಸಲವೂ ಹೈಕ್ರಾಸ್ ಒಂದು ಸೆಕೆಂಡು ಉಳಿಸಿತು ಎಂದು ಧಾರಾಳವಾಗಿಯೇ ಕೊಡುತ್ತೇನೆ. ಒಟ್ಟು ಅರ್ಧ ನಿಮಿಷ. ಅದನ್ನೂ ಮುಂದಿನ ಕೆಂಪು ದೀಪ ವಾಪಸ್ ಕಿತ್ತುಕೊಳ್ಳುತ್ತದೆ. ಅಬ್ಬಾಗೆ ಬಾಡಿಗೆ ಕಿಲೋಮೀಟರಿಗೆ, ಸೆಕೆಂಡಿಗಲ್ಲ. ಹೈಕ್ರಾಸ್ ಕೊಳ್ಳಬೇಕೆಂದು ನನ್ನ ಮಾಮು ಅಬ್ಬಾ ಹಿಂದೆ ಬಿದ್ದಿದ್ದಾರೆ. ಲೀಟರಿಗೆ 23.24 ಕಿ.ಮೀ. ಎಂಬ ಅಂಕಿ ತೋರಿಸಿ ಕೇಳಿದರೆ ನಾನೂ ಕೂತು ಲೆಕ್ಕ ಹಾಕುತ್ತೇನೆ. ಅದು ಕಾರಣ. ಆದರೆ ಮಾಮು ಹೇಳುವುದು 9.5. ಐದು ವರ್ಷದ ಸಾಲಕ್ಕೆ ಅದು ಕಾರಣವಾಗುವುದಿಲ್ಲ ಎಂದು ಅಮ್ಮಿಗೂ ಗೊತ್ತು. ಅಮ್ಮಿ ಕಾಮರ್ಸ್ ಓದಿದವರಲ್ಲ.

ಈಗ ಕ್ರೆಡಿಟ್ ಕಡೆಗೆ ಬರೋಣ. 100ರಿಂದ ಸೊನ್ನೆಗೆ ಎಷ್ಟು?

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ತುಮಕೂರು ರಸ್ತೆಯ ಮೆಟ್ರೊ ಹಳಿ ಹೊತ್ತ ಕಂಬಗಳನ್ನು ನೀವೆಲ್ಲ ದಿನಾ ನೋಡುತ್ತೀರಿ. ಒಂದು ಕಂಬದಿಂದ ಇನ್ನೊಂದಕ್ಕೆ ಸುಮಾರು 28 ಮೀಟರ್. ಅಂದರೆ 100ರ ವೇಗದಲ್ಲಿ ಸೆಕೆಂಡಿಗೊಂದು ಕಂಬ. ಎದುರಿಗೆ ಏನೋ ಬಂತು ಎಂದು ಕಣ್ಣು ನೋಡಿ, ತಲೆಗೆ ತಿಳಿದು, ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಬೇಕು. ಬ್ರೇಕು ಇನ್ನೂ ಶುರುವೇ ಆಗಿಲ್ಲ, ಒಂದು ಕಂಬ ಕಳೆದುಹೋಯಿತು. ಆಮೇಲೆ ಒಣ ರಸ್ತೆ, ಒಳ್ಳೆಯ ಟೈರು, ಗಟ್ಟಿಯಾಗಿ ಒತ್ತಿದ ಬ್ರೇಕು ಇದ್ದರೆ ಸುಮಾರು 48 ಮೀಟರ್. ಒಟ್ಟು 76 ಮೀಟರ್, ಹತ್ತಿರ ಹತ್ತಿರ ಮೂರು ಕಂಬ. ಮಳೆ ಬಂದು ಹಿಡಿತ ಅರ್ಧಕ್ಕಿಳಿದರೆ ನಾಲ್ಕೂ ದಾಟುತ್ತದೆ. ಅದೇ ಲೆಕ್ಕವನ್ನು 40ರ ವೇಗಕ್ಕೆ ಹಾಕಿದರೆ ಒಣ ರಸ್ತೆಯಲ್ಲಿ ಎಲ್ಲ ಸೇರಿ 19 ಮೀಟರ್. ಮೊದಲ ಕಂಬ ಬರುವ ಮೊದಲೇ ಕಾರು ನಿಂತಿರುತ್ತದೆ. ವೇಗ ಎರಡೂವರೆ ಪಟ್ಟು ಹೆಚ್ಚಾಯಿತು, ದೂರ ನಾಲ್ಕು ಪಟ್ಟು ಹೆಚ್ಚಾಯಿತು. ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಚಕ್ರಬಡ್ಡಿ ಕಲಿತ ನಮಗೆ ಇದು ಕಷ್ಟವಾಗಬಾರದು.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಲೆಕ್ಕ. ಎರಡು ಕಾರು ಪಕ್ಕಪಕ್ಕದಲ್ಲಿ ಬರುತ್ತಿವೆ, ಒಂದು 60ರಲ್ಲಿ, ಇನ್ನೊಂದು 80ರಲ್ಲಿ. ಒಂದೇ ಗೆರೆಯಲ್ಲಿ ಇಬ್ಬರೂ ಒಂದೇ ಬಲದಲ್ಲಿ ಬ್ರೇಕು ಒತ್ತಿದರು. 60ರ ಕಾರು ಪೂರ್ತಿ ನಿಂತ ಜಾಗದಲ್ಲಿ 80ರ ಕಾರಿನ ವೇಗ ಎಷ್ಟಿರುತ್ತದೆ? ನಮ್ಮ ತರಗತಿಯಲ್ಲಿ ಕೇಳಿದಾಗ ಎಲ್ಲರೂ 20 ಎಂದರು. ಉತ್ತರ ಸುಮಾರು 53.

ಬ್ರೇಕಿನ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. 1,800 ಕಿಲೋ ತೂಕದ ಕಾರು 100ರಲ್ಲಿ ಓಡುವಾಗ ಅದರೊಳಗಿನ ಚಲನಶಕ್ತಿ ಸುಮಾರು 7 ಲಕ್ಷ ಜೂಲ್. ಅದನ್ನು ತುಂಬಲು ಎಂಜಿನ್‌ಗೆ ಹತ್ತು ಹನ್ನೆರಡು ಸೆಕೆಂಡು ಬೇಕು. ಬ್ರೇಕು ಅಷ್ಟನ್ನೂ ಮೂರೂವರೆ ಸೆಕೆಂಡಿನಲ್ಲಿ ಶಾಖವಾಗಿ ಕರಗಿಸುತ್ತದೆ. ಕುದುರೆ ಲೆಕ್ಕದಲ್ಲಿ ಹೇಳಿದರೆ 270 ಪಿಎಸ್ ಹತ್ತಿರದ ಕೆಲಸ. 150 ಪಿಎಸ್ ಎಂಜಿನ್ ಇರುವ ಕಾರಿನ ನಾಲ್ಕು ಚಕ್ರಗಳ ಒಳಗೆ ಅದಕ್ಕಿಂತ ಬಲವಾದದ್ದು ಸುಮ್ಮನೆ ಕೂತಿದೆ. ಅದರ ಪೋಸ್ಟರನ್ನು ಯಾರೂ ಗೋಡೆಗೆ ಅಂಟಿಸಿಲ್ಲ. ಅಬ್ಬಾ ಮಾತ್ರ ಬ್ರೇಕ್ ಪ್ಯಾಡ್ ಬದಲಿಸಿದ ತಾರೀಕನ್ನು ಡ್ಯಾಶ್‌ಬೋರ್ಡ್ ಒಳಗಿನ ಡೈರಿಯಲ್ಲಿ ನನ್ನ ಹುಟ್ಟುಹಬ್ಬದ ಹಾಗೆ ಬರೆದಿಡುತ್ತಾರೆ. “ಭಗಾನಾ ಸಬ್ಕೂ ಆತಾ, ರೋಕ್ನಾ ನೈ ಆತಾ” ಎನ್ನುವುದು ಅವರ ರೂಢಿ: ಓಡಿಸಲು ಎಲ್ಲರಿಗೂ ಬರುತ್ತದೆ, ನಿಲ್ಲಿಸಲು ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ? ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ, ನಮ್ಮದೇ ವಯಸ್ಸು, ಚಿಕ್ಕಪ್ಪನ ಕಾರಿನ ಕೀಲಿ ತೆಗೆದುಕೊಂಡು ರಾತ್ರಿ ಹೊರಗೆ ಹೋದ. ಗೆಳೆಯನ ಕಾರಿನ ಜೊತೆ ಸರ್ವೀಸ್ ರಸ್ತೆಯಲ್ಲಿ ನೇರ ಓಟ. ಯಾವ ಕಾರು ಮೊದಲು 80 ಮುಟ್ಟುತ್ತದೆ ಎಂದು ಪಂದ್ಯ. ಪಕ್ಕದಲ್ಲಿ ಕೂತವನು ತೆಗೆದ ವಿಡಿಯೊ ನಮ್ಮ ಬೀದಿಯಲ್ಲೆಲ್ಲ ಓಡಾಡಿತು. ಅದು 11 ಸೆಕೆಂಡಿನದು. ಮುಳ್ಳು ಏರುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ, ನಗು ಕೇಳಿಸುತ್ತದೆ. ಆಮೇಲೆ ಗಲ್ಲಿಯಿಂದ ಹೊರಬಂದ ಮಿನಿ ಲಾರಿ ಅದರಲ್ಲಿ ಇಲ್ಲ, ವಿಡಿಯೊ ಅಷ್ಟರಲ್ಲಿ ಮುಗಿದಿದೆ. ಅವನ ಕಾಲಿನಲ್ಲಿ ಈಗ ರಾಡ್ ಇದೆ. ಒಂದು ವರ್ಷದ ಪರೀಕ್ಷೆ ಹೋಯಿತು. ಮಿನಿ ಲಾರಿಯವನಿಗೆ ಏನೂ ಆಗಲಿಲ್ಲ, ಸದ್ಯ.

ನೇರ ರಸ್ತೆ ಎಂದರೆ ಏನು ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಕಾರುಗಳನ್ನು ನಿಜವಾಗಿ ಓಡಿಸಿ ನೋಡುವ ಜಾಗಗಳಿವೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈನಲ್ಲಿ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ. ಡ್ರ್ಯಾಗ್ ರೇಸಿನ ಅಳತೆ ಕಾಲು ಮೈಲಿ, 402 ಮೀಟರ್. ಆದರೆ 402 ಮೀಟರ್ ರಸ್ತೆಯಲ್ಲಿ ಆ ರೇಸು ನಡೆಸಲಾಗುವುದಿಲ್ಲ. ಗೆರೆ ದಾಟಿದ ಮೇಲೆ ನಿಲ್ಲಲು ಇನ್ನೂ ಉದ್ದದ ಖಾಲಿ ರಸ್ತೆ ಬೇಕು. ಅಂದರೆ ರೇಸು ಓಡುವವರು ಲೆಕ್ಕದ ಎರಡೂ ಕಡೆ ಬರೆಯುತ್ತಾರೆ. ನಮ್ಮ ಸರ್ವೀಸ್ ರಸ್ತೆ ಮ್ಯಾಪಿನಲ್ಲಿ ನೇರವಾಗಿಯೇ ಇದೆ. ನೆಲದ ಮೇಲೆ ಎಂಟನೇ ಮೈಲಿಯ ಬಸ್ ಸ್ಟಾಪು, ಪೀಣ್ಯಕ್ಕೆ ತಿರುಗುವ ಕಂಟೇನರು, ಎಳನೀರು ಗಾಡಿ, ಶಿಫ್ಟ್ ಮುಗಿಸಿ ದಾಟುವ ಗಾರ್ಮೆಂಟ್ಸ್ ಹೆಂಗಸರು, ಎರಡು ನಾಯಿ. ಮೇಲಿನ ಗೊರಗುಂಟೆಪಾಳ್ಯ–ನಾಗಸಂದ್ರ ಫ್ಲೈಓವರ್ 4.2 ಕಿ.ಮೀ. ಖಾಲಿ ಕಾಣುತ್ತದೆ ಎಂದು ರಾತ್ರಿ ಅಲ್ಲಿಗೆ ಹೋಗುವವರೂ ನಮ್ಮಲ್ಲಿ ಇದ್ದಾರೆ. ಅಲ್ಲಿ ಕೆಟ್ಟು ನಿಂತ ಗಾಡಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅಬ್ಬಾ ರಾತ್ರಿ ಶಿಫ್ಟಿನ ಟ್ರಿಪ್ ಮುಗಿಸಿ ಬರುವುದೂ ಅದರ ಮೇಲೆಯೇ.

ಕಾನೂನಿನ ಒಂದು ಸಾಲು ಗಮನಕ್ಕಿರಲಿ, ಹೆದರಿಸಲು ಅಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಾಡಿಯ ನೋಂದಣಿ 12 ತಿಂಗಳು ರದ್ದು. ಈ ಕೊನೆಯದನ್ನು ನಮ್ಮಂಥ ಮನೆಯವರು ಎರಡು ಸಲ ಓದಬೇಕು. ಹನ್ನೆರಡು ತಿಂಗಳು ಗಾಡಿ ನಿಂತಿರುತ್ತದೆ, ಹನ್ನೆರಡು ಇಎಂಐ ನಿಲ್ಲುವುದಿಲ್ಲ.

ಇಷ್ಟು ಓದಿದ ಮೇಲೆ ಕಾರಿನ ಮಾತು ಬಿಡಿ ಎಂದು ನಾನು ಹೇಳುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ಬಿಡಬೇಡಿ. ಊಟದ ಬಿಡುವಿನ ಜಗಳದಲ್ಲಿ ನಾನು ಫಿಸಿಕ್ಸ್ ಓದದೆಯೇ ಇಷ್ಟು ಕಲಿತೆ. ಒಂದು ನಿಯಮ ಮಾತ್ರ ಸೇರಿಸೋಣ. ಸೊನ್ನೆಯಿಂದ ನೂರು ಹೇಳಿದವರು ನೂರರಿಂದ ಸೊನ್ನೆಯನ್ನೂ ಹೇಳಬೇಕು, ಮೀಟರಿನಲ್ಲಿ. ಹೇಳಲು ಬರದಿದ್ದರೆ ಅವತ್ತಿನ ಅಂಕ ಎದುರು ಬೆಂಚಿಗೆ.

ಪ್ರಾಂಶುಪಾಲರಿಗೆ ಮತ್ತು ಫಿಸಿಕ್ಸ್ ವಿಭಾಗದ ಸರ್‌ಗೆ ನನ್ನದೊಂದು ಕೋರಿಕೆ. ಕಾಲೇಜಿನ ಮೈದಾನದಲ್ಲಿ ಒಂದು ಶನಿವಾರ ಎರಡು ಗಂಟೆ ಕೊಡಿ. ಸೈಕಲ್ಲಿನಲ್ಲೇ ಅಳೆಯೋಣ. ಒಂದು ಗೆರೆ ಎಳೆದು ಮೊದಲು ಗಂಟೆಗೆ 10 ಕಿ.ಮೀ., ಆಮೇಲೆ 20ರಲ್ಲಿ ಬಂದು ಅಲ್ಲೇ ಬ್ರೇಕು ಒತ್ತಿ, ಚಕ್ರ ನಿಂತ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ವೇಗ ಎರಡು ಪಟ್ಟು, ಗುರುತು ನಾಲ್ಕು ಪಟ್ಟು ದೂರ ಬರುತ್ತದೋ ಇಲ್ಲವೋ ಎಲ್ಲರೂ ನೋಡಲಿ. ಒಂದು ಬಕೆಟ್ ನೀರು ಸುರಿದು ಮತ್ತೊಮ್ಮೆ. ಪಟ್ಟಿಯನ್ನು ಕಾಮರ್ಸ್‌ನವರು ಬರೆದುಕೊಳ್ಳುತ್ತೇವೆ, ಸೂತ್ರವನ್ನು ಸೈನ್ಸ್‌ನವರು ಹೇಳಲಿ. ಸೈಕಲ್ ಮತ್ತು ಹೆಲ್ಮೆಟ್ ನಾನು ತರುತ್ತೇನೆ. 30 ಮೀಟರ್ ಟೇಪು ಯಾರ ಮನೆಯಲ್ಲಾದರೂ ಇದ್ದರೆ ದ್ವಿತೀಯ ಪಿಯು ಕಾಮರ್ಸ್ ಹುಡುಗಿಯರ ಮೂರನೇ ಬೆಂಚಿಗೆ ತಿಳಿಸಿ.